ಉಡಿಗೆ ಹಾಕದ ತೆಂಗಿನಕಾಯಿ

ನಾನು ಮರಿಯಮ್ಮನಹಳ್ಳಿ ಕಡೆಯವಳು. ನಮ್ಮಲ್ಲಿ ನೀರು ಬಂದರೆ ಸುದ್ದಿ. ಮಲಪನಗುಡಿಗೆ ಸೊಸೆಯಾಗಿ ಬಂದ ಮೇಲೆ, ನೀರು ನಿಂತರೆ ಸುದ್ದಿಯಾಗುವ ಊರೂ ಇದೆ ಎಂದು ತಿಳಿಯಿತು. ಮನೆಯ ಹಿಂದೆಯೇ ಕಾಲುವೆ, ಅದರ ದಂಡೆಗೆ ಅತ್ತೆಯ ಒಂಬತ್ತು ತೆಂಗಿನ ಮರ. ಅತ್ತೆ ಜನ್ಮದಲ್ಲಿ ಅಂಗಡಿಯಿಂದ ತೆಂಗಿನಕಾಯಿ ತಂದವರಲ್ಲ. ತರುವವರನ್ನು ಕಂಡರೆ ಅವರಿಗೆ ಕನಿಕರ, ನನ್ನ ತವರಿನವರ ಮೇಲಂತೂ ಅದು ಧಾರಾಳ. "ಪಾಪ, ನಿಮ್ಮೂರಾಗ ಒಂದು ಕಾಯಿ ಬೇಕಂದ್ರೂ ಸಂತೀಗೆ ಹೋಗಬೇಕಲ್ಲವಾ" ಎಂದು ಊಟಕ್ಕೆ ಬಡಿಸುತ್ತಲೇ ಹೇಳುವರು. ನನಗೆ ಮೈ ಉರಿಯುತ್ತಿತ್ತು, ಆದರೂ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದಲ್ಲಿ ಒಮ್ಮೆ ಸಾಲಾಗಿ ಕೆಲವು ವರ್ಷ ಮಳೆ ಕೈಕೊಟ್ಟು ಡ್ಯಾಮಿನ ನೀರು ತಳ ಕಂಡಿತು. ರಿಪೇರಿಗೆಂದು ಪ್ರತಿ ವರ್ಷ ಕೆಲವು ದಿನ ನಿಲ್ಲಿಸುತ್ತಿದ್ದ ಕಾಲುವೆ, ಆ ಬೇಸಿಗೆಯಲ್ಲಿ ನಿಂತದ್ದು ನಿಂತೇಬಿಟ್ಟಿತು. ನಮ್ಮ ಮರಗಳು ಹುಟ್ಟಿದಾಗಿನಿಂದ ಕಾಲಬುಡದಲ್ಲೇ ನೀರು ಕಂಡಂಥವು. ಬಾಯಾರಿಕೆ ಎಂದರೇನು ಎಂದು ಅವಕ್ಕೆ ಗೊತ್ತಿರಲಿಲ್ಲ. ಎರಡೇ ತಿಂಗಳಲ್ಲಿ ಗರಿಗಳು ಜೋತುಬಿದ್ದವು, ಕೆಳಗಿನವು ಹಳದಿಗೆ ತಿರುಗಿದವು.

ನಾನಾಗ ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅತ್ತೆ ಒಂದು ದಿನ ನನ್ನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಮೇಲೆ ಕೈ ತೋರಿಸಿದರು.

"ಎಲಿ ಬಿಸಲಿನಾಗ ಅಡಗಿ ಮಾಡ್ತಾವು ಅಂತ ಹುಡುಗ್ರಿಗೆ ಹೇಳ್ತೀಯಲ್ಲ. ಬಿಸಲಿಗೇನು ಬರ ಐತಿ? ಮತ್ಯಾಕ ಮರ ಉಪವಾಸ ಬಿದ್ದಾವು?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನು ಉಬ್ಬಿಹೋದೆ. ಎಲೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ, ಅಡಿಗೆಗೆ ಬೇಕಾದ ಗಾಳಿ ಅಲ್ಲಿಂದಲೇ ಒಳಗೆ ಹೋಗಬೇಕು, ಆದರೆ ಬಾಯಿ ತೆರೆದರೆ ಒಳಗಿನ ನೀರು ಆರಿಹೋಗುತ್ತದೆ, ಅದಕ್ಕೇ ಬರ ಬಂದಾಗ ಮರ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದೆ. ಒಲೆ ಧಗಧಗ ಉರಿಯುತ್ತಿದೆ, ಗಡಿಗೆಗೆ ಹಾಕಲು ಕಾಳಿಲ್ಲ, ಅಷ್ಟೇ ಅತ್ತಿ ಎಂದೆ.

"ಹಂಗಾರ ಏನು ಮಾಡೂದು?"

ನೀರು ಹಾಕಬೇಕು. ಅದು ಬಿಟ್ಟರೆ ಮಾಡುವಂಥದ್ದು ಏನೂ ಇರಲಿಲ್ಲ. ಕುಡಿಯುವ ನೀರಿಗೇ ಕೊಡ ಹೊತ್ತು ಅಲೆಯುತ್ತಿದ್ದೆವು. ಬಟ್ಟೆ ಒಗೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಬುಡಕ್ಕೆ ಸುರಿದದ್ದಾಯಿತು. ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಏನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಟೀಚರಿಗೆ ನಾಲಗೆ ಬರುವುದಿಲ್ಲ. ಎಲೆ ಕಡಿಮೆಯಾದರೆ ನೀರು ಆರಿಹೋಗುವುದೂ ಕಡಿಮೆಯಾಗುತ್ತದೆ, ಕೆಳಗಿನ ಗರಿಗಳನ್ನು ಕಡಿಸಿಬಿಡೋಣ ಎಂದುಬಿಟ್ಟೆ. ಒಣಗಿದವನ್ನಷ್ಟೇ ಅಲ್ಲ, ಹಸಿರು ಉಳಿದಿದ್ದವನ್ನೂ.

ಕಾಯಿ ಕೀಳಲು ಬರುತ್ತಿದ್ದ ಮುದುಕ ಮರದ ಅರ್ಧಕ್ಕೆ ಹತ್ತಿ ಅಲ್ಲೇ ನಿಂತ. "ಹಸಿ ಗರಿ ಬ್ಯಾಡ್ರಿ ಅಕ್ಕಾರ. ಗೊನಿ ಅದರ ಮ್ಯಾಲ ಕುಂತಿರ್ತೈತ್ರಿ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅವನಿಗೆ, "ಓದಿದಾಕಿ ಹೇಳ್ತಾಳ, ಕಡಿಯೋ" ಎಂದರು. ಇಡೀ ಜನ್ಮದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಕಡಿದ ಹದಿನೈದು ದಿನಕ್ಕೆ ಆಸರೆ ಇಲ್ಲದ ಗೊನೆಗಳು ಕತ್ತು ಮುರಿದು ಜೋತವು. ಎಳೆಯ ಕಾಯಿಗಳು ಉದುರತೊಡಗಿದವು. ಅಡಿಕೆಯಷ್ಟು, ನಿಂಬೆಯಷ್ಟು, ದಿನಾ ಬೆಳಿಗ್ಗೆ ಬುಟ್ಟಿ ತುಂಬ. ಊಟ ಮಾಡಿಸಲು ಇದ್ದ ಕೈಗಳನ್ನೇ ನಾನು ಕಡಿಸಿದ್ದೆ. ಅತ್ತೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮಳೆ ಬಂತು. ಡ್ಯಾಮು ತುಂಬಿ ಕಾಲುವೆ ಬಿಟ್ಟರು. ಮರಗಳ ತಲೆಯಲ್ಲಿ ಹೊಸ ಗರಿ ಎದ್ದವು, ನಾನು ಉಸಿರು ಬಿಟ್ಟೆ. ಅದೇ ವರ್ಷ ಇನ್ನೊಂದು ಸಂತೋಷದ ಸುದ್ದಿ ಬಂತು. ಸಂಡೂರಿಗೆ ಕೊಟ್ಟಿದ್ದ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು, ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾದಳು. ಆ ಒಂಬತ್ತು ವರ್ಷ ಆಕೆಯನ್ನು ಜನ ಯಾವ ಹೆಸರಿನಿಂದ ಕರೆದಿದ್ದರು ಎಂಬುದನ್ನು ನಾನು ಬರೆಯಲಾರೆ.

ಏಳನೇ ತಿಂಗಳಿಗೆ ಕುಬಸ, ಬಸುರಿಯ ಸೀಮಂತ, ನಮ್ಮ ಮನೆಯಲ್ಲೇ. ಮಗಳ ಸೆರಗಿಗೆ ತಾಯಿ ಅಕ್ಕಿ, ಎಲೆ ಅಡಿಕೆ, ಅರಿಸಿನ ಕೊಂಬು, ಐದು ತೆಂಗಿನಕಾಯಿ ಹಾಕಿ ಉಡಿ ತುಂಬಬೇಕು. ತನ್ನ ಮರದ ಕಾಯಿಯನ್ನೇ ಹಾಕಬೇಕೆಂದು ಅತ್ತೆ ಒಂಬತ್ತು ವರ್ಷದಿಂದ ಕಾದಿದ್ದರು. ಆದರೆ ತೆಂಗಿನ ಹೂವು ಬಲಿತ ಕಾಯಾಗಲು ಒಂದು ವರ್ಷ ಬೇಕು. ಈಗ ಕೀಳಬೇಕಾದವು ಹೋದ ಬೇಸಿಗೆಯ ಹೂವುಗಳು. ಕಾಲುವೆ ತುಂಬಿ ಹರಿಯುತ್ತಿದ್ದರೂ ಮರದ ಮೇಲೆ ಬರ ಮುಗಿದಿರಲಿಲ್ಲ. ಒಂಬತ್ತೂ ಮರ ಹುಡುಕಿ ಆ ಮುದುಕ ಇಳಿಸಿದ್ದು ಲೆಕ್ಕಕ್ಕೆ ಸರಿಯಾಗಿ ಐದೇ ಕಾಯಿ.

ಸುಲಿದಿಟ್ಟ ಐದನ್ನೂ ಅತ್ತೆ ಮಡಿಲಲ್ಲಿಟ್ಟುಕೊಂಡು ಕೂತರು. ಬರದ ಕಾಯಿ ಹೊರಗೆ ನೆಟ್ಟಗಿದ್ದು ಒಳಗೆ ಗೊಡ್ಡಾಗಿರುವುದುಂಟು. ಗೊಡ್ಡುಕಾಯಿಯನ್ನು ಈ ಮಗಳ ಉಡಿಗೆ ಹೇಗೆ ಹಾಕುವುದು?

"ಒಡೀದಂಗ ಹೇಳವಾ, ತಿರುಳು ತುಂಬೈತೇನು?" ಎಂದು ನನ್ನ ಕೈಗೆ ಒಂದೊಂದಾಗಿ ಕೊಟ್ಟರು.

ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಐದರಲ್ಲೂ ನೀರಿನ ಸಪ್ಪಳವಿತ್ತು. ನೀರಿದ್ದ ಮಾತ್ರಕ್ಕೆ ತಿರುಳಿದೆ ಎಂದಲ್ಲ. ಒಡೆದರೆ ಗೊತ್ತಾಗುತ್ತದೆ, ಒಡೆದ ಕಾಯಿ ಉಡಿಗೆ ಬರುವುದಿಲ್ಲ. ಹದಿನೈದು ವರ್ಷ ಪಾಠ ಹೇಳಿದವಳು ಕಾಯಿಯನ್ನು ಇನ್ನೊಮ್ಮೆ ಅಲುಗಾಡಿಸಿದೆ. ನನ್ನ ಕಣ್ಣ ಮುಂದೆ ಇದ್ದದ್ದು ಕಡಿದು ಬಿದ್ದ ಹಸಿರು ಗರಿಗಳು. ಅನ್ನ ಮಾಡುವ ಎಲೆಯೇ ಇಲ್ಲದೆ ಇವಕ್ಕೆ ತಿರುಳು ಎಲ್ಲಿಂದ ಬಂದೀತು?

"ಬ್ಯಾಡ ಬಿಡ್ರಿ ಅತ್ತಿ" ಎಂದೆ.

ನನ್ನ ಗಂಡ ಸೈಕಲ್ ಹತ್ತಿ ಹೊಸಪೇಟೆ ಬಜಾರಿನಿಂದ ಐದು ಕಾಯಿ ತಂದರು. ಉಡಿ ತುಂಬುವಾಗ ನಾದಿನಿ ಒಂದನ್ನು ಮುಟ್ಟಿ ನೋಡಿ, "ಅವ್ವಾ, ಇವು ನಮ್ಮ ಗಿಡದ್ವಲ್ಲೇನು?" ಎಂದಳು. ಅತ್ತೆ, "ಎಲ್ಲಾ ಕಾಯಿ ಒಂದ ತಗಿ" ಎಂದು ಸೆರಗು ಸರಿಪಡಿಸಿದರು. ಮುಂದೆ ಆಕೆ ಸುಖವಾಗಿ ಹೆತ್ತಳು, ಆ ಮಾತು ಬೇರೆ.

ಮರುದಿನ ಅವಳನ್ನು ಸಂಡೂರು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಅತ್ತೆ ಅಡಿಗೆ ಮನೆಯಲ್ಲಿ ಕೂತು ಮೊದಲನೆಯದನ್ನು ಒಡೆದರು. ಬೆರಳು ದಪ್ಪದ ತಿರುಳು, ಹಾಲಿನಂಥ ಬಿಳುಪು. ಎರಡನೆಯದೂ ಹಾಗೇ. ಸಾಕು ಮಾಡಿ ಎನ್ನಬೇಕೆನಿಸಿತು, ಆದರೆ ಅವರು ನಿಲ್ಲಲಿಲ್ಲ. ಐದಕ್ಕೆ ಐದೂ ತುಂಬಿದ್ದವು. ಸಾಕಲಾಗದ್ದನ್ನೆಲ್ಲ ಬುಟ್ಟಿಗಟ್ಟಲೆ ಉದುರಿಸಿ, ಉಳಿಸಿಕೊಂಡ ಐದಕ್ಕೆ ಮರ ಹೊಟ್ಟೆ ತುಂಬ ಉಣಿಸಿತ್ತು. ಉದುರುವುದನ್ನು ಅಷ್ಟು ದಿನ ನೋಡಿದ ನನಗೆ ಇದು ಹೊಳೆದಿರಲಿಲ್ಲ.

ಹತ್ತು ಹೋಳುಗಳನ್ನು ಪರಾತದಲ್ಲಿ ಸಾಲಾಗಿ ಇಟ್ಟು ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹಾಕಬಹುದಿತ್ತಲ್ಲವಾ" ಎಂದರು.