ಅವ್ವನ ಕೋಳಿ, ಚಾಚಿಯ ಬೂದಿ

ಸಮಸ್ತ ನಾಗರಿಕರ ಗಮನಕ್ಕೆ: ಈ ಚಳಿಯಲ್ಲಿ ನಮ್ಮ ಕೋಳಿ ಪಕ್ಕದ ಮನೆಯ ಒಲೆಬೂದಿಯಲ್ಲಿ ತತ್ತಿ ಇಟ್ಟಿದೆ.

ನಿಜಾಮರ ಕಾಲದಲ್ಲಿ ನಮ್ಮ ಹಳ್ಳಿ ನೆಲೋಗಿಯಲ್ಲೂ ಹೀಗೇ ಆಗಿತ್ತು. ಚಳಿಗಾಲದಲ್ಲಿ ಅವ್ವನ ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸಿದರೂ ಪಕ್ಕದ ಬಾನೂ ಚಾಚಿಯ ಬುಟ್ಟಿ ತುಂಬುತ್ತಿತ್ತು. ಹೊಟ್ಟೆಕಿಚ್ಚಿಗೆ ಅವ್ವ ನಮ್ಮ ಪಾಲಿನ ಸಜ್ಜಿರೊಟ್ಟಿಯನ್ನೂ ಕೋಳಿಗಳಿಗೆ ಮುರಿದು ಹಾಕಿದಳು. ತಿಂದವು, ಇಡಲಿಲ್ಲ.

ಒಂದಿನ ಚಾಚಿ ಸೆರಗಿನಲ್ಲಿ ತತ್ತಿ ತಂದಳು. “ತಗೋ ಅಕ್ಕಾ, ನಿನ್ನ ಕೆಂಪು ಕೋಳಿ ನಮ್ಮ ಒಲಿಬೂದ್ಯಾಗ ಇಡಾಕತ್ತದ. ಬೆಚ್ಚಗಿರತದಲ್ಲ.”

ಅವ್ವ ತತ್ತಿ ಇಸಕೊಂಡು ಕೋಳಿಯನ್ನೇ ಕೇಳಿದಳು, “ತಿನ್ನೂದು ನಮ್ಮನ್ಯಾಗ, ಇಡೂದು ಅವರ ಮನ್ಯಾಗ. ನಿನಗೇನ ಕಡಿಮಿ ಮಾಡೀನಿ ಬೇ?”

ಅಂದಿನಿಂದ ಒಲೆ ಪಕ್ಕದ ನನ್ನ ಬೆಚ್ಚನೆಯ ಜಾಗ ಕೋಳಿಯದಾಯಿತು. ತತ್ತಿ ಇಟ್ಟಿತು. ನಾನು ನಡುಗುತ್ತ ಅದನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಈಗ ನಮ್ಮದು ಗ್ಯಾಸ್ ಒಲೆ. ನಿಮ್ಮಲ್ಲಿ ಬೂದಿಯಿದ್ದರೆ ಒಂದು ಬುಟ್ಟಿ ಕಳಿಸಿರಿ, ಪಕ್ಕದ ಮನೆಯವರಿಗೆ ಗೊತ್ತಾಗದಂತೆ.