ಕುಡಿದ ಮೇಲೆ ಒಂದು ಮಾತು

ನಮ್ಮ ದೊಡ್ಡಮ್ಮನ ಮುಂದೆ ಏನನ್ನಾದರೂ ನುಂಗಿ ಸುಮ್ಮನಿರಲು ಯಾರಿಗೂ ಸಾಧ್ಯವಿಲ್ಲ. ಊಟಕ್ಕೆ ಬಂದ ನೆಂಟರ ಬಾಯಲ್ಲಿ ತುತ್ತಿದ್ದರೂ ಸರಿ, ಏನಾದರೂ ಮಾತಾಡಿ ಎನ್ನುತ್ತಾಳೆ. ಹೊಸಬರು ಅದನ್ನು ಉಪಚಾರ ಎಂದುಕೊಳ್ಳುತ್ತಾರೆ. ಅದು ಉಪಚಾರವಲ್ಲ, ಅಂಜಿಕೆ.

ಅವಳು ಚಟ ಬಿಡಿಸುವ ಕೇಂದ್ರದಲ್ಲಿ ಔಷಧಿ ಕೊಡುವವಳು. ಪಕ್ಕದ ಮೇಜಿನಲ್ಲಿ ಟೋಕನ್ ಕೊಡುವವಳು ನಾನು. ಮಾದಕ ಪುಡಿಯ ಚಟಕ್ಕೆ ಬಿದ್ದವರು ದಿನಾ ಬೆಳಿಗ್ಗೆ ಬಂದು, ಆ ಕಾಟವನ್ನು ತಣಿಸುವ ಸಿರಪ್ಪನ್ನು ಅವಳ ಕಿಟಕಿಯೆದುರೇ ಕುಡಿಯಬೇಕು. ಕುಡಿದ ಮೇಲೆ ಒಂದು ಮಾತಾಡಬೇಕು. ಮಾತಾಡಿದರೆ ಔಷಧಿ ಹೊಟ್ಟೆಗಿಳಿಯಿತೆಂದು ಅರ್ಥ. ಬಾಯಲ್ಲೇ ಇಟ್ಟುಕೊಂಡು ಹೋಗಿ ಸೀಸೆಗೆ ಉಗಿದು ಕೂಡಿಡುವವರೂ ಇದ್ದಾರೆ. ಒಬ್ಬ ಮೇಸ್ತ್ರಿ ದಿನಾ ಸರಕಾರವನ್ನು ಬೈದು ಹೋಗುತ್ತಿದ್ದ. ದೊಡ್ಡಮ್ಮನಿಗೆ ಅಷ್ಟೇ ಸಾಕಾಗಿತ್ತು.

ಆ ಸಾಲಿನಲ್ಲಿ ಅವಳ ತಮ್ಮನೂ ಇದ್ದ, ಎಂದರೆ ನನ್ನ ಸೋದರಮಾವ. ಕಿಟಕಿಗೆ ಬಗ್ಗಿ ನಿಲ್ಲಬೇಕಾದಷ್ಟು ಎತ್ತರದ ಆಳು. ಸ್ವಂತದವರಿಗೆ ಬೇರೆಯವರು ಔಷಧಿ ಕೊಡಬೇಕೆಂಬ ನಿಯಮವೇನೋ ಇತ್ತು, ಆ ಬೇರೆಯವರೇ ಇರಲಿಲ್ಲ. ಅವನು ಕುಡಿದು "ಅಕ್ಕಾ" ಎನ್ನುತ್ತಿದ್ದ, ಅವಳು "ಹೋಗಿ ಬಾ" ಎನ್ನುತ್ತಿದ್ದಳು.

ಅಜ್ಜಿ ಆಸ್ಪತ್ರೆಯಲ್ಲಿ ಮಲಗಿದಾಗ ಅವನು ಅತ್ತ ತಲೆ ಹಾಕಲಿಲ್ಲ. ದೊಡ್ಡಮ್ಮ ಮಾತು ಬಿಟ್ಟಳು. ನಮ್ಮ ಮನೆಯವರ ಹಟವೇ ಅಂಥದ್ದು. ಕಿಟಕಿಯಲ್ಲೂ ಅದನ್ನೇ ನಡೆಸಿದಳು: ಲೋಟ ತಳ್ಳುವಳು, ಅವನು ಬಾಯಿಗೆ ಸುರಿದುಕೊಂಡು ತಲೆ ತಗ್ಗಿಸಿ ಹೋಗುವನು. ಊರನ್ನೆಲ್ಲ ಮಾತಾಡಿಸುವವಳು ಅವನೊಬ್ಬನನ್ನು ಮಾತಾಡಿಸಲಿಲ್ಲ. ಅಷ್ಟೂ ದಿನದ ಔಷಧಿಯನ್ನು ಅವನು ಕೂಡಿಟ್ಟು ಒಂದೇ ಸಲ ಕುಡಿದ. ಬಾಗಿಲು ಒಡೆದು ಒಳಗೆ ಹೋದಾಗ ದಿಂಬಿನ ಪಕ್ಕ ಖಾಲಿ ಸೀಸೆ ಇತ್ತು. ನನಗೆ ಅವನ ಮೇಲೂ ಸಿಟ್ಟಿದೆ, ಅವಳ ಮೇಲೂ ಇದೆ.

ಅಂದಿನಿಂದ ಕಿಟಕಿ ಖಾಲಿಯಿದ್ದಾಗಲೂ ಅವಳಿಗೆ "ಅಕ್ಕಾ" ಎಂಬುದು ಕೇಳಿಸುತ್ತದೆ. ಲೋಟ ತೊಳೆಯುತ್ತಿದ್ದವಳು ಥಟ್ಟನೆ ತಿರುಗುತ್ತಾಳೆ. ಒಮ್ಮೆ ಸಾಲು ಮುಗಿದ ಮೇಲೂ ಒಂದು ಲೋಟಕ್ಕೆ ಸಿರಪ್ ಅಳೆದಿಟ್ಟು ಕಾಯುತ್ತ ಕೂತಿದ್ದಳು. ಆ ಕಿಟಕಿಗೆ ಬೆನ್ನು ಹಾಕಿ ಕೂರಲು ನನಗೂ ಆಗುವುದಿಲ್ಲ.

ಈಗ ಮೇಲಿನಿಂದ ಹೊಸ ನಿಯಮ ಬಂದಿದೆ. ಚೇತರಿಸಿಕೊಂಡವರು ವಾರದ ಔಷಧಿಯನ್ನು ಮನೆಗೇ ಒಯ್ಯಬಹುದು, ಕೊಡುವವರು ಒಪ್ಪಿದರೆ. ಒಳ್ಳೆಯ ನಿಯಮ. ದಿನಾ ಸಾಲಿನಲ್ಲಿ ನಿಲ್ಲಿಸಿದರೆ ಕೆಲಸ ಹೋಗುತ್ತದೆ, ಕೆಲಸ ಹೋದವರನ್ನು ಹಳೇ ಸಹವಾಸ ಹುಡುಕಿಕೊಂಡು ಬರುತ್ತದೆ. ಆದರೆ ದೊಡ್ಡಮ್ಮ ಒಬ್ಬರಿಗೂ ಒಪ್ಪಲಿಲ್ಲ. ಡಾಕ್ಟರು ತಿಳಿಹೇಳಿದರು, ನಾನು ಜಗಳವಾಡಿದೆ. ಗೋಡೆಗೆ ಹೇಳಿದ ಹಾಗಾಯಿತು.

ಮೊನ್ನೆ ಒಬ್ಬ ದರ್ಜಿ ಹೆಂಗಸು ಬಂದಳು. ಗಿಡ್ಡ ಆಳು, ಪುಡಿ ಮುಟ್ಟದೆ ವರ್ಷಗಳೇ ಆಗಿವೆ. ಇನ್ನೊಂದು ದಿನ ತಡವಾದರೆ ಬರಲೇಬೇಡ ಎಂದು ಕಾರ್ಖಾನೆಯ ಮೇಲ್ವಿಚಾರಕ ಹೇಳಿದ್ದನಂತೆ.

"ಮನೇಲಿ ನಿನ್ನ ಯಾರು ಮಾತಾಡಿಸ್ತಾರೆ?" ಎಂದು ಕೇಳಿದಳು ದೊಡ್ಡಮ್ಮ.

"ಮಗಳಿದ್ದಾಳಲ್ಲ, ಬಾಯಿ ಮುಚ್ಚೋಕೇ ಬಿಡಲ್ಲ."

ದೊಡ್ಡಮ್ಮ ಜಗ್ಗಲಿಲ್ಲ. ದರ್ಜಿ ಕಿಟಕಿಗೆ ಇನ್ನಷ್ಟು ಹತ್ತಿರವಾಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ನಾನು ನಿಮ್ಮ ತಮ್ಮ ಅಲ್ಲ. ನಾನಿನ್ನೂ ಬದುಕಿದ್ದೀನಿ. ಈ ಕೆಲಸ ಹೋದ್ರೆ ಉಳಿಯಲ್ಲ."

ದೊಡ್ಡಮ್ಮ ಎದ್ದು ಸೀಸೆಗಳನ್ನು ತಂದು, ಒಂದೊಂದರ ಮುಚ್ಚಳವನ್ನೂ ತಿರುಗಿಸಿ ನೋಡಿ ಚೀಲಕ್ಕೆ ಹಾಕಿದಳು. ಮಗಳ ಕೈಗೆ ಸಿಗದ ಹಾಗೆ ಬೀಗ ಹಾಕಿಡು ಎಂದಳು. ದರ್ಜಿ ಚೀಲ ಎದೆಗವಚಿಕೊಂಡು ಬಸ್ಸಿಗೆ ಓಡಿದಳು.

ಕಿಟಕಿಯೆದುರು ಈಗ ಯಾರೂ ಇರಲಿಲ್ಲ. ದೊಡ್ಡಮ್ಮ ಕತ್ತೆತ್ತಿ, ಎತ್ತರದ ಆಳೊಬ್ಬನ ಮುಖವಿರಬೇಕಾದಲ್ಲಿ ನೋಡುತ್ತ "ಹೋಗಿ ಬಾ" ಎಂದಳು.

ನಾನು ಮುಂದಿನ ಟೋಕನ್ ಕೂಗಲಿಲ್ಲ. ಅವನು ಏನಾದರೂ ಅಂದಾನೇನೋ ಎಂದು ನಾನೂ ಕಾದೆ.