ಬಾಗಿಲಿಗೆ ಕಟ್ಟಿದ ಗಿಡ

ಒಂದು ಗಿಡವನ್ನು ಕೊಲ್ಲಲು ಎಷ್ಟು ನೀರು ಬೇಕು? ದಿನಕ್ಕೊಂದು ಲೋಟ ಸಾಕು. ಅನುಭವದಿಂದ ಹೇಳುತ್ತಿದ್ದೇನೆ.

ದೇವನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಿರಿಜಾ ಟೀಚರ್‌ಗೆ ಹೊಸಕೋಟೆಗೆ ವರ್ಗವಾಯಿತು. ಹೊರಡುವಾಗ ಒಂದು ಕುಂಡವನ್ನು ನನ್ನ ಕೈಗಿಟ್ಟರು. "ಮನೆ ಸಿಗೋವರ್ಗೂ ನೋಡ್ಕೊಳ್ಳಿ ಸರ್. ನಮ್ಮಮ್ಮನ ಗಿಡ." ಅಮ್ಮ ತೀರಿಕೊಂಡು ವರ್ಷವಾಗಿತ್ತು. ಗಿಡ, ಏರ್‌ಪೋರ್ಟ್ ರಸ್ತೆಗೆಂದು ಸರ್ಕಾರ ತೆಗೆದುಕೊಂಡ ಅವರ ಜಮೀನಿನಿಂದ ಬಂದದ್ದಂತೆ. ಅಂದರೆ ಅಮ್ಮನೂ ಇಲ್ಲ, ಜಮೀನೂ ಇಲ್ಲ, ಉಳಿದದ್ದು ಇದೊಂದೇ. (ಅದೂ ನನ್ನಂಥವನ ಕೈಗೆ!)

ಗೇಣುದ್ದದ ಗಿಡ. ದಪ್ಪ ಎಲೆ, ಮೈತುಂಬ ಬಿಳಿ ಚುಕ್ಕೆ, ಅಂಚಿಗೆ ಮುಳ್ಳು. ಹೆಸರು ಕೇಳಬೇಕೆಂದು ಹೊಳೆಯಲೇ ಇಲ್ಲ. ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಅದಕ್ಕೊಂದು ಲೋಟ ನೀರು ಹಾಕಿದೆ. ಮೂರನೇ ವಾರಕ್ಕೆ ಎಲೆಗಳು ಹಳದಿಯಾಗಿ ಮೆತ್ತಗಾದವು. ಪಾಪ, ಬಾಯಾರಿರಬೇಕು ಎಂದು ಎರಡು ಲೋಟ ಮಾಡಿದೆ. ಮೊಬೈಲ್ ಆ್ಯಪ್‌ಗೆ ಫೋಟೊ ತೋರಿಸಿದರೆ ಒಮ್ಮೆ ಕತ್ತಾಳೆ ಎಂದಿತು, ಇನ್ನೊಮ್ಮೆ ಯಾವುದೋ ಆಫ್ರಿಕಾದ ಸಕ್ಯುಲೆಂಟ್ ಎಂದಿತು. ಟೀಚರ್‌ಗೆ ಫೋನ್ ಮಾಡಲು ಮುಖವಿರಲಿಲ್ಲ.

ಅವರೇ ಮಾಡಿದರು. "ಮನೆ ಸಿಕ್ತು ಸರ್, ಭಾನುವಾರ ಬರ್ತೀನಿ."

ಕೂಡಲೇ ಪಕ್ಕದೂರು ವಿಜಯಪುರದಿಂದ, ಗಿಡಗಳ ವಿಷಯ ಬಲ್ಲ ಚಿಕ್ಕಮ್ಮನನ್ನು ಕರೆಸಿದೆ. ಬಂದವಳೇ ಎಲೆಯ ತುದಿ ಮುರಿದಳು. "ಮುರಿದಾಗ ನಾರು ಬಂದ್ರೆ ಕತ್ತಾಳೆ. ಇದ್ರಲ್ಲಿ ಬರೀ ಲೋಳೆ. ಚುಕ್ಕೆ ಲೋಳೆಸರ ಕಣೋ ಇದು! ಇದಕ್ಕೆ ದಿನಾ ನೀರು ಹುಯ್ದ್ಯಾ?"

ಕುಂಡ ಬೋರಲು ಹಾಕಿದಳು. ಬೇರು ಅರ್ಧ ಕೊಳೆತಿತ್ತು. ಕೊಳೆತದ್ದನ್ನು ಚಾಕುವಿನಿಂದ ಕತ್ತರಿಸಿ, ಉಳಿದ ಗಿಡಕ್ಕೆ ದಾರ ಕಟ್ಟಿ, ಬೇರು ಮೇಲೆ ಎಲೆ ಕೆಳಗೆ ಮಾಡಿ ಮುಂಬಾಗಿಲಿಗೆ ನೇತುಹಾಕಿದಳು. ಮನೆಗೆ ದೃಷ್ಟಿಯಾಗದಿರಲಿ ಎಂದು ಕಟ್ಟುತ್ತಾರಲ್ಲ, ಥೇಟ್ ಹಾಗೆ.

"ಚಿಕ್ಕಮ್ಮಾ, ಅದು ಬೇರೆಯವ್ರ ಅಮ್ಮನ ಗಿಡ!"

"ಯಾರಮ್ಮಂದಾದ್ರೂ ಬೇರು ಒಣಗ್ಬೇಕು ಕಣಪ್ಪಾ. ಮಣ್ಣಿಲ್ದೇನೂ ತಿಂಗಳುಗಟ್ಲೆ ಬದ್ಕುತ್ತೆ. ನೆಡೋವಾಗ ಮರಳು ಜಾಸ್ತಿ ಹಾಕು. ಬೆರಳು ಚುಚ್ಚಿ ನೋಡು, ಒಳಗೂ ಒಣಗಿದ್ರೆ ಮಾತ್ರ ನೀರು."

ಭಾನುವಾರ ಟೀಚರ್ ಬಂದರು. ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರಮ್ಮನ ಗಿಡ ತಲೆಕೆಳಗಾಗಿ ನೇತಾಡುತ್ತಿತ್ತು. ನಾನು ತೊದಲುತ್ತಾ ತಪ್ಪೊಪ್ಪಿಕೊಂಡೆ. ಅಷ್ಟು ನಾಚಿಕೆ ಈಚೆಗೆ ಯಾವತ್ತೂ ಆಗಿರಲಿಲ್ಲ.

ಅವರು ಕಣ್ಣೊರೆಸಿಕೊಂಡು ನಕ್ಕರು. "ರಸ್ತೆಗೆ ಅಂತ ತೋಟದ ಮನೆ ಕೆಡವೋ ದಿನ ಅಮ್ಮ ಬೇರೇನೂ ತರ್ಲಿಲ್ಲ ಸರ್. ಬಾಗಿಲಿಗೆ ಕಟ್ಟಿದ್ದ ಇದನ್ನ ಬಿಚ್ಕೊಂಡು ಬಂದ್ಬಿಟ್ರು. ಅಲ್ಲೂ ಹೀಗೇ ನೇತಾಡ್ತಿತ್ತು. ಕುಂಡಕ್ಕೆ ಹಾಕಿದ್ದೇ ನಾನು."

ಕುಂಡ ಎತ್ತಿಕೊಡಲು ಹೋದೆ. ಬೇಡವೆಂದರು. ದಾರ ಸಮೇತ ಗಿಡ ಬಿಚ್ಚಿಸಿಕೊಂಡರು, ಹೊಸ ಮನೆಯ ಬಾಗಿಲಿಗೆ ಕಟ್ಟುತ್ತಾರಂತೆ.

ಜಮೀನು ಬಿಟ್ಟುಕೊಟ್ಟವರ ಬಾಗಿಲಿಗೆ, ಮಣ್ಣಿಲ್ಲದೆಯೂ ಬದುಕುವ ಗಿಡಕ್ಕಿಂತ ಒಪ್ಪುವುದು ಬೇರೇನಿದೆ?